ಫಸಲಿನ ಪಾಲು: ವಾರದ ತರಕಾರಿ ಕ್ರೇಟಿನ ಒಳಹೊರಗು

ಹಂಗಾಮಿಗೆ ಮೊದಲೇ ರೈತರಿಗೆ ಹಣ ಕೊಟ್ಟು, ಆಮೇಲೆ ಐದಾರು ತಿಂಗಳು ವಾರಕ್ಕೊಂದು ಕ್ರೇಟು ತರಕಾರಿ ತೆಗೆದುಕೊಂಡು ಹೋಗುವ ಸೇವೆಗೆ ದೇಶಕ್ಕೊಂದು ಹೆಸರಿದೆ. ಇಲ್ಲಿ ಅದನ್ನು ಫಸಲಿನ ಪಾಲು ಎಂದೇ ಕರೆಯೋಣ. ಮೇಲ್ನೋಟಕ್ಕೆ ಇದು ಮೊಬೈಲಿನಲ್ಲಿ ಬಟನ್ ಒತ್ತಿ ತರಿಸಿಕೊಳ್ಳುವ ತರಕಾರಿ ಬುಟ್ಟಿಯ ಹಾಗೆಯೇ ಕಾಣುತ್ತದೆ. ಅದೇ ಕ್ರೇಟು, ಅದೇ ಸೊಪ್ಪು, ಅದೇ 'ಹೊಲದಿಂದ ನೇರ' ಎಂಬ ಚೀಟಿ. ವ್ಯತ್ಯಾಸ ಗೊತ್ತಾಗುವುದು ಆಲಿಕಲ್ಲು ಬಿದ್ದ ವಾರ. ಆ ವಾರದ ನಷ್ಟ ಯಾರ ತಲೆಗೆ ಬಂತು ಎಂದು ಕೇಳಿ ನೋಡಿ. ರೈತರೊಬ್ಬರ ತಲೆಗೇ ಬಂದಿದ್ದರೆ ಅದು ಮಾಮೂಲಿ ತರಕಾರಿ ವ್ಯಾಪಾರ, ಚೀಟಿ ಏನೇ ಹೇಳಲಿ. ನಷ್ಟ ಎಲ್ಲರ ಮೇಲೂ ಹಂಚಿಹೋಗಿದ್ದರೆ ಅದು ಪಾಲು. ಈ ಸೇವೆಯ ಪ್ರತಿಯೊಂದು ಭಾಗವನ್ನೂ, ಕ್ರೇಟಿನ ತೂಕದಿಂದ ಹಿಡಿದು ಸರ್ಕಾರದ ಖರೀದಿ ನಿಯಮದವರೆಗೆ, ಈ ಒಂದು ಪ್ರಶ್ನೆ ಇಟ್ಟುಕೊಂಡೇ ಒರೆಗೆ ಹಚ್ಚಬೇಕು.

ಇದರ ಹಳೆಯ ರೂಪ ಜಪಾನಿನ ತೇಕೇ. ಅಲ್ಲಿನ ಸಾವಯವ ಕೃಷಿ ಸಂಘ ಹುಟ್ಟಿದ್ದು 1971ರಲ್ಲಿ. 1978ರಲ್ಲಿ ಅದು ತೇಕೇಗೆ ಹತ್ತು ಸೂತ್ರಗಳನ್ನು ಬರೆದಿಟ್ಟಿತು. ಅದರಲ್ಲಿ ಎರಡು ಇಂದಿಗೂ ಕಿವಿಗೊಡಬೇಕಾದವು. ಒಂದು, ಒಪ್ಪಂದದ ಪ್ರಕಾರ ಬೆಳೆದು ಕಳಿಸಿದ್ದನ್ನೆಲ್ಲ ಕೊಳ್ಳುವವರು ತೆಗೆದುಕೊಳ್ಳಬೇಕು. ಇನ್ನೊಂದು, ಬೆಲೆ ಕಟ್ಟುವಾಗ ಆರಿಸುವ, ದರ್ಜೆ ಮಾಡುವ, ಪ್ಯಾಕು ಮಾಡುವ ಕೂಲಿ ಉಳಿಯಿತು ಎಂಬುದನ್ನು ಬೆಳೆದವರೂ, ತಾಜಾ ಮಾಲು ಸಿಕ್ಕಿತು ಎಂಬುದನ್ನು ಉಣ್ಣುವವರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಮೆರಿಕದಲ್ಲಿ 1986ರಲ್ಲಿ ಎರಡು ತೋಟಗಳು ಈ ಬಗೆಯ ಕೆಲಸ ಶುರು ಮಾಡಿದವು. ಅವುಗಳಲ್ಲೊಂದು ನ್ಯೂ ಹ್ಯಾಂಪ್‌ಶೈರ್‌ನ ಟೆಂಪಲ್-ವಿಲ್ಟನ್ ಸಮುದಾಯ ತೋಟ. ಅಲ್ಲಿ ಪಾಲಿಗೆ ಗೊತ್ತಾದ ಬೆಲೆಯೇ ಇಲ್ಲ. ವರ್ಷದ ಖರ್ಚನ್ನು ಸಭೆಯಲ್ಲಿ ಓದುತ್ತಾರೆ, ಪ್ರತಿ ಮನೆಯವರು ತಮ್ಮ ಕೈಲಾದಷ್ಟು ಹೇಳುತ್ತಾರೆ, ಒಟ್ಟು ಸಾಲದಿದ್ದರೆ ಇನ್ನೊಂದು ಸುತ್ತು. ಜರ್ಮನಿಯ ಗುಂಪುಗಳಲ್ಲಿ ಇದೇ ಕೆಲಸವನ್ನು ಹೆಸರಿಲ್ಲದ ಚೀಟಿಯಲ್ಲಿ ಮೊತ್ತ ಬರೆದು ಮಾಡುವುದುಂಟು. ಕಡಿಮೆ ಬರೆದವರಿಗೆ ಮುಜುಗರವಾಗುವುದಿಲ್ಲ. ಫ್ರಾನ್ಸಿನಲ್ಲಿ 2001ರಲ್ಲಿ ಓಬಾನ್ಯಿನಲ್ಲಿ ಶುರುವಾದ ರೂಪದಲ್ಲಿ ಹಂಗಾಮಿನ ಕರಾರು ಲಿಖಿತವಾಗಿರುತ್ತದೆ, ಹಂಚುವ ದಿನ ಸದಸ್ಯರೇ ಸರದಿಯ ಮೇಲೆ ನಿಂತು ಹಂಚುತ್ತಾರೆ.

ಈಗ ಮಾರುಕಟ್ಟೆಯಲ್ಲಿ ಸಿಗುವ ಸೇವೆಗಳನ್ನು ನೋಡಿದರೆ ಸ್ಥೂಲವಾಗಿ ನಾಲ್ಕು ಬಗೆ. ಒಂದೇ ತೋಟದ ಅಪ್ಪಟ ಪಾಲು. ಹತ್ತಾರು ತೋಟ ಸೇರಿಕೊಂಡು ಕೊಡುವ ಜಂಟಿ ಪಾಲು. ಮುಂಗಡ ಕಟ್ಟಿ, ಸಂತೆಯ ಅಂಗಡಿಯಲ್ಲಿ ಬೇಕಾದಾಗ ಬೇಕಾದ್ದನ್ನು ಆರಿಸಿ ಖಾತೆಯಿಂದ ಕಳೆಸಿಕೊಳ್ಳುವ ಪದ್ಧತಿ. ನಾಲ್ಕನೆಯದು ವಾರ ವಾರ ಹಣ ಕೊಡುವ, ಬೇಡವಾದಾಗ ನಿಲ್ಲಿಸುವ ಚಂದಾ ಬುಟ್ಟಿ. ಕೊನೆಯದರಲ್ಲಿ ತಪ್ಪೇನಿಲ್ಲ, ಒಳ್ಳೆಯ ತರಕಾರಿ ಸಿಗಲೂಬಹುದು. ಆದರೆ ಅಲ್ಲಿ ರೈತರಿಗೆ ಸಿಕ್ಕಿರುವುದು ಇನ್ನೊಬ್ಬ ಗಿರಾಕಿ, ಅಷ್ಟೇ. ಬಿತ್ತನೆಯ ಹೊತ್ತಿಗೆ ಕೈಯಲ್ಲಿ ಕಾಸಿಲ್ಲದ ತೊಂದರೆ ಹಾಗೆಯೇ ಉಳಿಯುತ್ತದೆ.

ಕರಾರು ಪತ್ರ

ಸೇವೆಯ ಗುಣ ಮೊದಲು ಗೊತ್ತಾಗುವುದು ಕಾಗದದಲ್ಲಿ. ಒಂದು ಪುಟ ಸಾಕು, ಆದರೆ ಆ ಪುಟದಲ್ಲಿ ಇರಬೇಕಾದ್ದು ಇರಬೇಕು: ಎಷ್ಟು ವಾರ, ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಕ್ರೇಟಿನ ಸರಾಸರಿ ತೂಕ ಎಷ್ಟು, ಕನಿಷ್ಠ ಎಷ್ಟು, ಹೊರಗಿನಿಂದ ಕೊಂಡು ತುಂಬಿಸುತ್ತಾರೆಯೇ, ತುಂಬಿಸಿದರೆ ಅದನ್ನು ಹೇಳುತ್ತಾರೆಯೇ, ಬೆಳೆ ಪೂರ್ತಿ ಹೋದರೆ ಏನು, ಸದಸ್ಯರು ನಡುವೆ ಬಿಟ್ಟರೆ ಏನು. ಇದರಲ್ಲಿ 'ಹೊರಗಿನಿಂದ ಕೊಂಡು ತುಂಬಿಸುವ' ವಿಷಯವೇ ಹೆಚ್ಚು ಜಗಳ ತರುವಂಥದ್ದು. ಕ್ರೇಟು ಖಾಲಿ ಕಾಣಬಾರದು ಎಂದು ಸಗಟು ಮಾರುಕಟ್ಟೆಯಿಂದ ಈರುಳ್ಳಿ, ಆಲೂಗಡ್ಡೆ ತಂದು ಹಾಕುವುದು ಬಹಳ ಸಾಮಾನ್ಯ. ಹೇಳಿ ಹಾಕಿದರೆ ಅದೊಂದು ಅನುಕೂಲ. ಹೇಳದೆ ಹಾಕಿದರೆ ಇಡೀ ಸೇವೆಯ ಬುಡವೇ ಅಲುಗಾಡುತ್ತದೆ, ಯಾಕೆಂದರೆ ಮುಂದೆ ಬೆಳೆ ನಿಜಕ್ಕೂ ಹೋದಾಗ ಸದಸ್ಯರು ನಂಬುವುದಿಲ್ಲ.

ಹಣ ಕಟ್ಟುವ ಕ್ರಮವನ್ನೂ ನೋಡಿ. ಪೂರ್ತಿ ಹಣ ಮೊದಲೇ ಎಂದರೆ ರೈತರಿಗೆ ಅನುಕೂಲ, ದಿನಗೂಲಿಯ ಮೇಲೆ ಬದುಕುವ ಮನೆಗಳಿಗೆ ಬಾಗಿಲು ಬಂದ್. ತಿಂಗಳು ತಿಂಗಳು ಎಂದರೆ ಇದರ ಉಲ್ಟಾ. ಸುಮಾರು 40 ಭಾಗ ಬಿತ್ತನೆಗೆ ಮೊದಲು, ಉಳಿದ 60 ಭಾಗ ಮೂರು ಕಂತಿನಲ್ಲಿ ಎಂಬ ಏರ್ಪಾಡು ಇಬ್ಬರಿಗೂ ಒಗ್ಗುತ್ತದೆ. ಬೀಜ, ಸಸಿ, ಗೊಬ್ಬರ, ಹನಿ ನೀರಾವರಿಯ ಕೊಳವೆ ಎಲ್ಲವೂ ಮೊದಲ ಕ್ರೇಟು ಹೊರಡುವ ಮುಂಚೆಯೇ ಹಣ ಕೇಳುತ್ತವೆ. ಆ ಮೊದಲ ಕಂತು ಸಾಲದ ಬಡ್ಡಿಯನ್ನು ಉಳಿಸುತ್ತದೆ. ಕಷ್ಟದಲ್ಲಿರುವ ಮನೆಗಳಿಗೆ ಕಡಿಮೆ ದರದ ಪಾಲು ಕೊಡುವುದಾದರೆ ಅದರ ಹೊರೆ ರೈತರ ಮೇಲೆ ಬೀಳಬಾರದು, ಉಳಿದ ಸದಸ್ಯರ ಕೊಡುಗೆಯಿಂದಲೋ ಸ್ಥಳೀಯ ಆಡಳಿತದ ಸಹಾಯಧನದಿಂದಲೋ ತುಂಬಬೇಕು. ಹೀಗೆ ಬರೆದಿರುವ ಕರಾರು ಕಂಡರೆ ಆ ಗುಂಪು ಯೋಚನೆ ಮಾಡಿದೆ ಎಂದು ಅರ್ಥ.

ಕ್ರೇಟಿನ ಒಳಗೆ

ದಿನಕ್ಕೆ ಒಬ್ಬರಿಗೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ಆಲೂಗಡ್ಡೆಯಂಥ ಪಿಷ್ಟದ ಗಡ್ಡೆಗಳು ಸೇರುವುದಿಲ್ಲ. ತರಕಾರಿಯೊಂದನ್ನೇ ದಿನಕ್ಕೆ 300 ಗ್ರಾಂ ಎಂದು ಹಿಡಿದರೂ ನಾಲ್ಕು ಜನರ ಮನೆಗೆ ವಾರಕ್ಕೆ 8.4 ಕಿಲೊ. ಹಾಗೆಂದು 8 ಕಿಲೊ ಕ್ರೇಟು ಕೊಟ್ಟರೆ ಸೇವೆ ಎರಡು ತಿಂಗಳಲ್ಲಿ ಮುಗಿಯುತ್ತದೆ. ವಾರದಲ್ಲಿ ಎರಡು ದಿನ ಹೊರಗೆ ಊಟ, ಒಂದು ದಿನ ಹಬ್ಬ, ಫ್ರಿಜ್ಜಿನ ಮೂಲೆಯಲ್ಲಿ ಕಳೆದ ವಾರದ ಮೂಲಂಗಿ ಇನ್ನೂ ಕೂತಿದೆ. ಜನ ಸದಸ್ಯತ್ವ ಬಿಡುವುದಕ್ಕೆ ಕಡಿಮೆ ಬಂತು ಎನ್ನುವುದಕ್ಕಿಂತ ಹೆಚ್ಚು ಬಂದು ಕೊಳೆಯಿತು ಎಂಬ ಪಾಪಪ್ರಜ್ಞೆಯೇ ಕಾರಣ. 5 ಕಿಲೊ ಆಸುಪಾಸು, 7ರಿಂದ 9 ಬಗೆ ಇದ್ದರೆ ಹದ. ಅದರಲ್ಲಿ ಎರಡು ಬಗೆ ಸೊಪ್ಪು, ಒಂದು ಗಡ್ಡೆ, ಪಲ್ಯಕ್ಕಾಗುವ ಎರಡು ಮೂರು ಕಾಯಿ, ಒಂದು ಬಾಳಿಕೆಯ ಮಾಲು (ಕುಂಬಳ, ಈರುಳ್ಳಿಯಂಥದ್ದು), ಒಗ್ಗರಣೆಗೆ ಬೇಕಾದ ಒಂದೆರಡು ಸಣ್ಣಪುಟ್ಟ. ಮನೆಯವರಿಗೆ ಗುರುತೇ ಇಲ್ಲದ ತರಕಾರಿ ವಾರಕ್ಕೆ ಒಂದಕ್ಕಿಂತ ಹೆಚ್ಚು ಇರಬಾರದು, ಇದ್ದಾಗ ಅದನ್ನು ಹೇಗೆ ಹೆಚ್ಚಬೇಕು, ಎಷ್ಟು ಬೇಯಿಸಬೇಕು ಎಂಬ ನಾಲ್ಕು ಸಾಲಿನ ಚೀಟಿ ಜೊತೆಗಿರಲೇಬೇಕು. ಅರ್ಧ ಪಾಲು ಕೊಡದ ಸೇವೆ ಒಬ್ಬಂಟಿಗಳನ್ನೂ ವಯಸ್ಸಾದ ದಂಪತಿಗಳನ್ನೂ ಕಳೆದುಕೊಳ್ಳುತ್ತದೆ.

ತುಂಬುವ ಕ್ರಮ ಎಲ್ಲರಿಗೂ ಗೊತ್ತು ಎಂದುಕೊಂಡೇ ಎಲ್ಲರೂ ತಪ್ಪುತ್ತಾರೆ. ತಳಕ್ಕೆ ಗಡ್ಡೆ ಮತ್ತು ಗಟ್ಟಿ ಕಾಯಿ, ಮೇಲೆ ಬದನೆ ಸೌತೆ, ಅದರ ಮೇಲೆ ಟೊಮೆಟೊ, ಎಲ್ಲಕ್ಕೂ ಮೇಲೆ ಸೊಪ್ಪು. ಮೂಲಂಗಿ, ಕ್ಯಾರೆಟ್ಟಿನ ಸೊಪ್ಪನ್ನು ಗಡ್ಡೆಯಿಂದ ಬೇರೆ ಮಾಡಿಯೇ ಹಾಕಬೇಕು. ಹಾಗೇ ಬಿಟ್ಟರೆ ಎಲೆ ಗಡ್ಡೆಯ ನೀರು ಎಳೆದುಕೊಂಡು ಎರಡೇ ದಿನದಲ್ಲಿ ಗಡ್ಡೆ ಮೆತ್ತಗಾಗುತ್ತದೆ. ನೋಡಲು ಚೆಂದ ಎಂದು ಎಲೆ ಸಮೇತ ಕೊಡುವ ಸೇವೆಗಳಿವೆ, ಫೋಟೊಗೆ ಒಳ್ಳೆಯದು.

ಬಿತ್ತನೆ ಪಟ್ಟಿ

ಕ್ರೇಟಿನಲ್ಲಿ ಮೂರು ವಾರ ಸತತ ಹುರುಳಿಕಾಯಿ, ಆಮೇಲೆ ಎರಡು ತಿಂಗಳು ಅದರ ಸುಳಿವೇ ಇಲ್ಲ ಎಂದರೆ ಹವಾಮಾನವನ್ನು ಬೈಯಬೇಡಿ, ಬಿತ್ತನೆ ಪಟ್ಟಿ ಕೇಳಿ. ಇಲ್ಲಿ ಲೆಕ್ಕ ಬಹಳ ಸರಳ, ಆದರೂ ಮಾಡುವವರು ಕಡಿಮೆ. 100 ಮನೆಗೆ ಅರ್ಧ ಅರ್ಧ ಕಿಲೊ ಅಂದರೆ ವಾರಕ್ಕೆ 50 ಕಿಲೊ. ಪೊದೆ ಹುರುಳಿ ಒಂದು ಮೀಟರು ಸಾಲಿಗೆ ಸುಮಾರು 600 ಗ್ರಾಂ ಕೊಡುತ್ತದೆ, ಒಂದು ಬಿತ್ತನೆಯಿಂದ ಚೆನ್ನಾಗಿ ಕೊಯ್ಲು ಸಿಗುವುದು ಎರಡು ವಾರ, ಮೂರನೆಯ ವಾರ ಕಾಯಿ ಬಲಿತು ನಾರು. ಎರಡು ವಾರದ 100 ಕಿಲೊಗೆ 170 ಮೀಟರು ಸಾಲು ಬೇಕು. ಕೀಟ, ಮಳೆ, ಮೊಳಕೆ ಬರದ ಬೀಜಕ್ಕೆಂದು ಕಾಲು ಭಾಗ ಸೇರಿಸಿ 210 ಮೀಟರು. ಇಷ್ಟನ್ನು ಎರಡು ವಾರಕ್ಕೊಮ್ಮೆ ಬಿತ್ತುತ್ತ ಹೋಗಬೇಕು. 24 ವಾರದ ಹಂಗಾಮಿಗೆ ಹನ್ನೆರಡು ಬಿತ್ತನೆ. ಬಿತ್ತಿದ 50ರಿಂದ 60 ದಿನಕ್ಕೆ ಕಾಯಿ ಬರುವುದರಿಂದ ಮೊದಲ ಬಿತ್ತನೆ ಮೊದಲ ಕ್ರೇಟಿಗಿಂತ ಎಂಟು ವಾರ ಮೊದಲೇ ಆಗಿರಬೇಕು. ಮೂಲಂಗಿ, ಕೊತ್ತಂಬರಿಗೆ ಅಂತರ ಇನ್ನೂ ಕಡಿಮೆ, ವಾರ ಹತ್ತು ದಿನಕ್ಕೊಂದು ಪಾತಿ. ಟೊಮೆಟೊ, ಬದನೆ, ಮೆಣಸಿನಕಾಯಿಗೆ ಹಂಗಾಮಿಗೆ ಎರಡು ಮೂರು ನಾಟಿ ಸಾಕು, ಅವು ತಿಂಗಳುಗಟ್ಟಲೆ ಬಿಡುತ್ತವೆ.

ಬಿತ್ತನೆ ಕೈತಪ್ಪುವುದು ಸಾಮಾನ್ಯವಾಗಿ ಹಂಗಾಮಿನ ನಡುವೆ. ಕೊಯ್ಲು, ತೂಕ, ಸಾಗಣೆ ಎಲ್ಲ ಒಟ್ಟಿಗೆ ತಲೆಮೇಲೆ ಬಿದ್ದಾಗ 'ಈ ವಾರದ ಬಿತ್ತನೆ ಮುಂದಿನ ವಾರ ನೋಡೋಣ' ಎನ್ನುತ್ತಾರೆ. ಅದರ ಫಲ ಎರಡು ತಿಂಗಳ ನಂತರ ಖಾಲಿ ಕ್ರೇಟಾಗಿ ಬರುತ್ತದೆ, ಅಷ್ಟರಲ್ಲಿ ಕಾರಣ ಯಾರಿಗೂ ನೆನಪಿರುವುದಿಲ್ಲ. ಕೊಯ್ಲಿನ ದಿನ ಒಂದು, ಬಿತ್ತನೆಯ ದಿನ ಇನ್ನೊಂದು ಎಂದು ಕಟ್ಟುನಿಟ್ಟಾಗಿ ಬೇರ್ಪಡಿಸಿರುವ ಗುಂಪುಗಳು ಈ ಗುಂಡಿಗೆ ಬೀಳುವುದು ಕಡಿಮೆ.

ಜಂಟಿ ಪಾಲು ಗೆಲ್ಲುವುದೂ ಇಲ್ಲಿಯೇ. ಒಂದು ತೋಟ 40 ಬಗೆ ಬೆಳೆಯುವುದೆಂದರೆ 40 ಬಗೆಯ ರೋಗ, 40 ಬಗೆಯ ಹದ. ಎಂಟು ತೋಟಗಳಾದರೆ ಒಬ್ಬೊಬ್ಬರಿಗೆ ಐದಾರು ಬೆಳೆ. ಆದರೆ ಒಂದು ಬೆಳೆಯನ್ನು ಒಬ್ಬರಿಗೇ ಬಿಟ್ಟರೆ ಅವರ ಬೋರು ನಿಂತ ದಿನ ಎಲ್ಲರ ಕ್ರೇಟೂ ಖಾಲಿ. ಪ್ರತಿ ಬೆಳೆಗೆ 60 ಭಾಗ ಒಬ್ಬರು, 40 ಭಾಗ ಬೇರೆ ನೀರಿನ ಮೂಲ ಇರುವ ಇನ್ನೊಬ್ಬರು ಎಂದು ಹಂಚುವುದು ಒಳ್ಳೆಯ ಪದ್ಧತಿ. ಹಂಚಿಕೆ ಬೀಜ ಕೊಳ್ಳುವ ಮೊದಲೇ ಆಗಬೇಕು. ನಾಟಿ ಆದಮೇಲೆ ಸಭೆ ಸೇರಿದರೆ ಆರು ಜನರ ಹೊಲದಲ್ಲಿ ಟೊಮೆಟೊ ನಿಂತಿರುತ್ತದೆ, ಸೊಪ್ಪು ಯಾರ ಹತ್ತಿರವೂ ಇರುವುದಿಲ್ಲ.

ಕಾವು

ತಾಜಾತನ ಕಿಲೋಮೀಟರಿನಲ್ಲಿ ಇಲ್ಲ, ಗಂಟೆ ಮತ್ತು ಡಿಗ್ರಿಯಲ್ಲಿದೆ. ಹತ್ತು ಡಿಗ್ರಿ ಸೆಲ್ಸಿಯಸ್ ಹೆಚ್ಚಾದರೆ ತರಕಾರಿಯ ಉಸಿರಾಟ ಎರಡರಿಂದ ಮೂರು ಪಟ್ಟು ಏರುತ್ತದೆ. ಅಷ್ಟೇ ವೇಗದಲ್ಲಿ ಅದರ ಆಯಸ್ಸು ಕರಗುತ್ತದೆ. ಮಧ್ಯಾಹ್ನ ಕೊಯ್ದು, ಹೊಲದ ಕಾವು ಇಳಿಯದೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, 5 ಕಿಲೋಮೀಟರು ದೂರಕ್ಕೆ ಒಯ್ದ ಸೊಪ್ಪಿಗಿಂತ ಬೆಳಗಿನ ಜಾವ ಕೊಯ್ದು ನೆರಳಲ್ಲಿ ತಣಿಸಿ 80 ಕಿಲೋಮೀಟರು ಒಯ್ದ ಸೊಪ್ಪು ಚೆನ್ನಾಗಿರುತ್ತದೆ. ಹಾಗಾಗಿ 'ಎಷ್ಟು ದೂರದಿಂದ' ಎಂದು ಕೇಳುವ ಬದಲು 'ಎಷ್ಟು ಹೊತ್ತಿಗೆ ಕೊಯ್ದಿರಿ, ಎಷ್ಟು ಹೊತ್ತಿಗೆ ನೆರಳಿಗೆ ಬಂತು' ಎಂದು ಕೇಳಿ.

ಎಲ್ಲವನ್ನೂ ಒಂದೇ ಕೋಲ್ಡ್ ರೂಮಿಗೆ ತಳ್ಳುವುದು ಇನ್ನೊಂದು ಸಾಮಾನ್ಯ ತಪ್ಪು. ಸೊಪ್ಪು, ಕೋಸು, ಕ್ಯಾರೆಟ್ 0 ಡಿಗ್ರಿಯ ಹತ್ತಿರ, ಹೆಚ್ಚು ತೇವದಲ್ಲಿ ಸುಖವಾಗಿರುತ್ತವೆ. ಹುರುಳಿಕಾಯಿಗೆ 5ರಿಂದ 7, ಬೆಂಡೆಗೆ 7ರಿಂದ 10. ಸೌತೆ, ಬದನೆಗೆ 10ರಿಂದ 12. ಟೊಮೆಟೊ, ಕುಂಬಳ ಕೂಡ 10ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಚಳಿಪೆಟ್ಟು: ಸೌತೆಯ ಮೇಲೆ ಗುಳಿ, ಬದನೆಯ ಬೀಜ ಕಂದು, ಟೊಮೆಟೊಗೆ ರುಚಿ ಹೋಗಿ ಹಿಟ್ಟುಹಿಟ್ಟು. ಇದರ ಮೋಸ ಏನೆಂದರೆ, ತಂಪಿನಲ್ಲಿ ಇರುವಷ್ಟು ಹೊತ್ತು ಚೆನ್ನಾಗಿಯೇ ಕಾಣುತ್ತದೆ. ಮನೆಗೆ ಒಯ್ದ ಮರುದಿನ ಹಾಳಾಗುತ್ತದೆ. ಎರಡು ಕೋಣೆ ಇಲ್ಲದ ಸಣ್ಣ ಗುಂಪಿಗೆ ಸುಲಭದ ದಾರಿ ಎಂದರೆ ಸೊಪ್ಪಿಗೆ ತಂಪು, ಹಣ್ಣುಗಾಯಿಗೆ ಗಾಳಿಯಾಡುವ ನೆರಳು. ಮಾಗುವ ಹಣ್ಣು, ಟೊಮೆಟೊಗಳನ್ನು ಸೊಪ್ಪು, ಕ್ಯಾರೆಟ್ ಜೊತೆ ಮುಚ್ಚಿದ ಕೋಣೆಯಲ್ಲಿ ಇಡಬಾರದು. ಅವು ಬಿಡುವ ಎಥಿಲೀನ್ ಅನಿಲಕ್ಕೆ ಸೊಪ್ಪು ಹಳದಿಯಾಗುತ್ತದೆ, ಕ್ಯಾರೆಟ್ ಕಹಿಯಾಗುತ್ತದೆ.

ವಿದ್ಯುತ್ ಇಲ್ಲದ ಕಡೆ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಇಟ್ಟಿಗೆಯ ತಂಪುಗೂಡು ಒಳ್ಳೆಯ ಕೆಲಸ ಮಾಡುತ್ತದೆ. ಇಟ್ಟಿಗೆಯ ನೆಲದ ಮೇಲೆ ಎರಡು ಪದರದ ಗೋಡೆ, ನಡುವೆ ಸುಮಾರು 7.5 ಸೆಂಟಿಮೀಟರು ಸಂದು, ಸಂದಿನಲ್ಲಿ ನದಿ ಮರಳು, ಮೇಲೆ ಹುಲ್ಲಿನ ಅಥವಾ ಗೋಣಿಯ ಮುಚ್ಚಳ, ಇಡೀ ಗೂಡಿನ ಮೇಲೆ ನೆರಳಿನ ಚಪ್ಪರ. ಮರಳಿಗೆ ಬೆಳಿಗ್ಗೆ ಸಂಜೆ ನೀರು. ನೀರು ಆವಿಯಾಗುತ್ತ ಒಳಗಿನ ಕಾವನ್ನು ಎಳೆಯುತ್ತದೆ. ಒಣ ಬಿಸಿಲಿನಲ್ಲಿ ಇದರ ಆಟ ಜೋರು. ಗಾಳಿಯಲ್ಲೇ ತೇವ ತುಂಬಿರುವ ಮಳೆಗಾಲದಲ್ಲೂ ಕಡಲ ದಂಡೆಯಲ್ಲೂ ಪ್ರಯೋಜನ ಕಡಿಮೆ. ಈರುಳ್ಳಿ, ಬೆಳ್ಳುಳ್ಳಿಯನ್ನು ಇದರೊಳಗೆ ಇಡಬೇಡಿ, ತೇವಕ್ಕೆ ಕೊಳೆಯುತ್ತವೆ.

ತೊಳೆಯುವ ನೀರಿನದ್ದೂ ಒಂದು ಮಾತು. ಬಿಸಿಲಲ್ಲಿ ಕಾದ ಟೊಮೆಟೊವನ್ನು ತಣ್ಣೀರಿನ ತೊಟ್ಟಿಗೆ ಹಾಕಿದರೆ ಒಳಗಿನ ಗಾಳಿ ಕುಗ್ಗಿ, ತೊಟ್ಟಿನ ಗಾಯದಿಂದ ನೀರನ್ನು, ನೀರಿನ ಜೊತೆ ರೋಗಾಣುವನ್ನು ಒಳಗೆ ಎಳೆದುಕೊಳ್ಳುತ್ತದೆ. ತೊಳೆಯುವ ನೀರು ಹಣ್ಣಿನ ಒಳಗಿನ ಕಾವಿಗಿಂತ ಐದಾರು ಡಿಗ್ರಿ ಬೆಚ್ಚಗಿರಬೇಕು, ಇಲ್ಲವೇ ಒಣ ಬಟ್ಟೆಯಲ್ಲಿ ಒರೆಸಿ ಬಿಡುವುದು ಮೇಲು.

ಹಂಚುವ ಜಾಗ

ಮನೆಬಾಗಿಲಿಗೆ ತಲುಪಿಸುವುದು ಈ ಸೇವೆಯನ್ನು ಮುಳುಗಿಸುವ ಖರ್ಚು. 100 ಮನೆಗೆ 100 ನಿಲುಗಡೆಯ ಬದಲು ಶಾಲೆಯ ಆವರಣ, ಗ್ರಂಥಾಲಯ, ಸಮುದಾಯ ಭವನದಂಥ ಮೂರು ನಾಲ್ಕು ಕಡೆ ಇಳಿಸಿ, ಸದಸ್ಯರು ಬಂದು ಒಯ್ಯುವುದೇ ಸರಿ. ಎರಡು ಗಂಟೆಯಲ್ಲಿ 30 ಮನೆಯವರನ್ನು ಒಬ್ಬರು ಸುಧಾರಿಸಬಹುದು, ಅದಕ್ಕಿಂತ ಹೆಚ್ಚಾದರೆ ಇಬ್ಬರು ಬೇಕು.

ತುಂಬಿಟ್ಟ ಕ್ರೇಟು ಕೊಡುವುದಕ್ಕಿಂತ ಹಲಗೆಯ ಮೇಲೆ 'ಬದನೆ 500 ಗ್ರಾಂ, ಸೊಪ್ಪು 2 ಕಟ್ಟು' ಎಂದು ಬರೆದು, ಸದಸ್ಯರೇ ತೂಗಿ ಚೀಲಕ್ಕೆ ಹಾಕಿಕೊಳ್ಳುವ ಪದ್ಧತಿ ನಮಗೆ ಹೆಚ್ಚು ಇಷ್ಟ. ತುಂಬುವ ಕೂಲಿ ಉಳಿಯುತ್ತದೆ, ಜನ ನಾಲ್ಕು ಮಾತಾಡುತ್ತಾರೆ. ಇದರ ಕೊರತೆ ಎಂದರೆ ಮೊದಲು ಬಂದವರು ಆರಿಸಿ ಆರಿಸಿ ಒಯ್ದು, ಕೊನೆಗೆ ಬಂದವರಿಗೆ ಒಡೆದ ಟೊಮೆಟೊ ಉಳಿಯುತ್ತದೆ. ಅರ್ಧ ಮಾಲನ್ನು ಮುಚ್ಚಿಟ್ಟು ಎರಡನೆಯ ಗಂಟೆಗೆ ತೆರೆದರೆ ಈ ತಕರಾರು ಮುಕ್ಕಾಲು ಪಾಲು ತೀರುತ್ತದೆ. ಪಕ್ಕದಲ್ಲಿ ಒಂದು ಅದಲುಬದಲು ಬುಟ್ಟಿ: ಹಾಗಲಕಾಯಿ ಬೇಡದವರು ಅದನ್ನು ಹಾಕಿ ಬೇರೆ ಏನಾದರೂ ಎತ್ತಿಕೊಳ್ಳಲಿ. ಹೊತ್ತು ಮೀರಿದ ಮೇಲೆ ಉಳಿದ ಪಾಲು ಎಲ್ಲಿಗೆ ಹೋಗುತ್ತದೆ ಎಂಬುದು ಮೊದಲೇ ಬರೆದಿರಬೇಕು. 'ನಾಳೆ ಬಂದು ಒಯ್ಯುತ್ತೇನೆ' ಎಂಬ ಒಂದು ಫೋನಿಗೆ ಒಪ್ಪಿದರೆ ಮುಂದಿನ ವಾರ ಹತ್ತು ಫೋನು ಬರುತ್ತವೆ.

ಲೆಕ್ಕ

ಒಳ್ಳೆಯ ಸೇವೆ ತನ್ನ ಖರ್ಚನ್ನು ಒಂದು ಹಾಳೆಯಲ್ಲಿ ತೋರಿಸುತ್ತದೆ. ಉದಾಹರಣೆಗೆ ಒಟ್ಟು ಖರ್ಚು 100 ಎಂದರೆ ಹೊಲದ ದುಡಿಮೆಗೆ 45, ಬೀಜ ಸಸಿ ಗೊಬ್ಬರಕ್ಕೆ 15, ನೀರು ವಿದ್ಯುತ್ ರಿಪೇರಿಗೆ 10, ಪ್ಯಾಕಿಂಗ್ ಸಾಗಣೆಗೆ 15, ಸಂಯೋಜಕರ ಸಂಬಳಕ್ಕೆ 8, ಆಪತ್ತಿಗೆ 7. ಅಂಕಿಗಳು ತೋಟದಿಂದ ತೋಟಕ್ಕೆ ಬದಲಾಗುತ್ತವೆ, ಆದರೆ ಎರಡು ಸಾಲುಗಳು ಇರಲೇಬೇಕು. ಮೊದಲನೆಯದು ಮನೆಯವರ ದುಡಿಮೆಗೂ ಕೂಲಿ ಹಿಡಿದಿರುವುದು. ರೈತರು ತಮ್ಮ, ತಮ್ಮ ಮನೆ ಹೆಂಗಸರ ಕೆಲಸವನ್ನು ಪುಕ್ಕಟೆ ಎಂದು ಲೆಕ್ಕ ಹಾಕಿದರೆ ಪಾಲು ಅಗ್ಗವಾಗಿ ಕಾಣುತ್ತದೆ, ಮೂರನೆಯ ವರ್ಷ ಸೇವೆ ನಿಲ್ಲುತ್ತದೆ. ಎರಡನೆಯದು ಸಂಯೋಜಕರ ಸಂಬಳ. ಸದಸ್ಯರಲ್ಲೇ ಒಬ್ಬರು ಉತ್ಸಾಹದಿಂದ ಬಿಟ್ಟಿ ಮಾಡುತ್ತಿದ್ದಾರೆ ಎಂದರೆ, ಅವರು ದಣಿದ ದಿನ ಪಟ್ಟಿ, ಲೆಕ್ಕ, ಫೋನ್ ನಂಬರು ಎಲ್ಲವೂ ಅವರ ಜೊತೆಗೇ ಹೋಗುತ್ತವೆ. ಮತ್ತೊಂದು ಜಾಣತನ: 100 ಪಾಲು ಮಾರುವ ಗುರಿಯಿದ್ದರೂ ಖರ್ಚನ್ನು 90ರಿಂದ ಭಾಗಿಸುವುದು. ಹತ್ತು ಮನೆ ನಡುವೆ ಬಿಟ್ಟರೂ ಬಂಡಿ ಉರುಳುತ್ತದೆ.

ಸಾವಯವ ಎಂದು ಹೇಳಿಕೊಳ್ಳುವ ಗುಂಪಾದರೆ ಖಾತರಿ ಯಾವುದು ಎಂದು ಕೇಳಿ. ಸಣ್ಣ ತೋಟಗಳಿಗೆ ಮೂರನೆಯವರ ಪ್ರಮಾಣಪತ್ರ ದುಬಾರಿ. 2004ರಲ್ಲಿ ಬ್ರೆಜಿಲ್‌ನ ಟೊರೆಸ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಕಾರ್ಯಾಗಾರದ ನಂತರ ಈ ಹೆಸರಿನಲ್ಲಿ ಬಳಕೆಗೆ ಬಂದ ಸಹಭಾಗಿತ್ವದ ಖಾತರಿ ಪದ್ಧತಿ ಇದಕ್ಕೆ ಹೇಳಿ ಮಾಡಿಸಿದಂತಿದೆ: ರೈತರು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡುತ್ತಾರೆ, ಕೊಳ್ಳುವವರೂ ಜೊತೆಗೆ ಬರುತ್ತಾರೆ, ಕಂಡದ್ದನ್ನು ನಮೂನೆಯಲ್ಲಿ ಬರೆದು ಸಹಿ ಹಾಕುತ್ತಾರೆ. ಇದರ ದೌರ್ಬಲ್ಯ ದಾಕ್ಷಿಣ್ಯ. ನೆಂಟರ ಹೊಲವನ್ನು ನೆಂಟರೇ ನೋಡಿದರೆ ತಪ್ಪು ಕಾಣುವುದಿಲ್ಲ. ತಪಾಸಣೆ ತಂಡವನ್ನು ಪ್ರತಿ ವರ್ಷ ಬದಲಿಸುವ, ತಪ್ಪು ಕಂಡಾಗ ಏನು ಮಾಡಿದರು ಎಂಬುದನ್ನು ಸದಸ್ಯರಿಗೆ ತೋರಿಸುವ ಗುಂಪನ್ನು ನಂಬಬಹುದು.

ಸರ್ಕಾರದ ಕೈ

ಎಷ್ಟೇ ಚೆನ್ನಾಗಿ ನಡೆಸಿದರೂ ನೂರಿನ್ನೂರು ಮನೆಯ ಕ್ರೇಟಿನಿಂದಷ್ಟೇ ಒಂದು ಪ್ರದೇಶದ ಬೇಸಾಯ ತನ್ನ ಕಾಲ ಮೇಲೆ ನಿಲ್ಲುವುದಿಲ್ಲ. ಅಂಕಿ ನೋಡಿ: 500 ಮಕ್ಕಳ ಒಂದು ಶಾಲೆಯಲ್ಲಿ ಮಗುವಿಗೆ 100 ಗ್ರಾಂ ತರಕಾರಿ ಎಂದರೆ ದಿನಕ್ಕೆ 50 ಕಿಲೊ, ಐದು ದಿನಕ್ಕೆ 250. ನಮ್ಮ 5 ಕಿಲೊ ಕ್ರೇಟಿನ ಲೆಕ್ಕದಲ್ಲಿ ಅದು 50 ಮನೆ, ಒಂದೇ ನಿಲುಗಡೆಯಲ್ಲಿ. ಹೀಗಾಗಿ ನಾವು ಯಾವುದೇ ಜಂಟಿ ಪಾಲಿನ ಸೇವೆಗೆ ಅಂಕ ಕೊಡುವಾಗ ಅದು ಶಾಲೆ, ಆಸ್ಪತ್ರೆಯ ಅಡುಗೆಮನೆಗೆ ಮಾಲು ಕೊಡುತ್ತದೆಯೇ ಎಂದೂ ನೋಡುತ್ತೇವೆ.

ಬ್ರೆಜಿಲ್ ಇಲ್ಲಿ ಎದ್ದು ಕಾಣುತ್ತದೆ. ಶಾಲಾ ಊಟಕ್ಕೆ ಕೇಂದ್ರ ಸರ್ಕಾರ ಕೊಡುವ ಹಣದಲ್ಲಿ ಕನಿಷ್ಠ ಶೇ. 30 ಭಾಗವನ್ನು ಕುಟುಂಬ ಬೇಸಾಯಗಾರರಿಂದ ಕೊಳ್ಳಲು ಬಳಸಬೇಕು ಎಂದು ಅಲ್ಲಿನ 2009ರ ಕಾನೂನು ಹೇಳಿತು. ಶೇಕಡಾವಾರು ಅಂಕಿಗಿಂತ ಮುಖ್ಯವಾದದ್ದು ಖರೀದಿಯ ರೀತಿ. ಕಡಿಮೆ ದರ ಕೂಗಿದವರಿಗೆ ಟೆಂಡರ್ ಕೊಡುವ ಬದಲು, ಸ್ಥಳೀಯ ಮಾರುಕಟ್ಟೆಯ ದರ ನೋಡಿ ಮೊದಲೇ ಬೆಲೆ ಗೊತ್ತು ಮಾಡಿ ಸಾರ್ವಜನಿಕ ಕರೆ ಹೊರಡಿಸುತ್ತಾರೆ; ಹತ್ತಿರದ ರೈತರಿಗೆ ಆದ್ಯತೆ. ಅಂದರೆ ದೊಡ್ಡ ಏಜೆನ್ಸಿ ದರ ಮುರಿದು ಸಣ್ಣವರನ್ನು ಓಡಿಸುವ ದಾರಿಯೇ ಮುಚ್ಚಿತು. ಊಟದ ಪಟ್ಟಿ ಮಾಡುವುದು ಪೋಷಣ ತಜ್ಞರ ಜವಾಬ್ದಾರಿ, ಅದು ಆ ಪ್ರದೇಶದ ಹಂಗಾಮನ್ನು ನೋಡಿಕೊಂಡಿರಬೇಕು.

ಕಾನೂನೇ ಅಡ್ಡ ಬರುವ ಕಡೆಗಳೂ ಇವೆ. ಯುರೋಪಿಯನ್ ಒಕ್ಕೂಟದಲ್ಲಿ ಟೆಂಡರ್ ಪತ್ರದಲ್ಲಿ 'ಸ್ಥಳೀಯ' ಎಂದು ನೇರವಾಗಿ ಬರೆಯುವಂತಿಲ್ಲ. ಅದಕ್ಕೇ ಅಲ್ಲಿನ ನಗರಗಳು ಕೊಯ್ದು ಇಷ್ಟು ಗಂಟೆಯೊಳಗೆ ತಲುಪಬೇಕು, ಇಂಥ ತಳಿ ಇರಬೇಕು, ಮಕ್ಕಳು ಹೊಲಕ್ಕೆ ಭೇಟಿ ಕೊಡುವಂತಿರಬೇಕು ಎಂಬ ಷರತ್ತುಗಳ ಮೂಲಕ ಅದೇ ಕೆಲಸ ಸಾಧಿಸುತ್ತವೆ. ಜಾಣ ಅಧಿಕಾರಿ ಇದ್ದರೆ ನಿಯಮದೊಳಗೇ ದಾರಿ ಇರುತ್ತದೆ.

ರೈತ ಗುಂಪಿನ ಕಡೆಯಿಂದ ನೋಡಿದರೆ ಸಾರ್ವಜನಿಕ ಖರೀದಿ ಮುರಿಯುವುದು ಮೂರು ಕಡೆ. ಲಾಟು ದೊಡ್ಡದು: ಇಡೀ ಜಿಲ್ಲೆಗೆ ಒಂದೇ ಟೆಂಡರ್ ಎಂದರೆ ಸಣ್ಣವರು ಅರ್ಜಿ ಹಾಕುವುದೇ ಇಲ್ಲ, ಶಾಲೆಗಳ ಗುಚ್ಛಕ್ಕೊಂದು, ಬೆಳೆಗೊಂದು ಲಾಟು ಮಾಡಬೇಕು. ಹಣ ತಡ: ತೊಂಬತ್ತು ದಿನ ಬಿಲ್ಲಿಗಾಗಿ ಅಲೆದ ರೈತರು ಮುಂದಿನ ವರ್ಷ ಮಾಲನ್ನು ಮಧ್ಯವರ್ತಿಗೇ ಹಾಕುತ್ತಾರೆ, ಯಾಕೆಂದರೆ ಅವನು ಸಂಜೆಗೆ ನಗದು ಎಣಿಸುತ್ತಾನೆ. ಮೂರನೆಯದು ಅಡುಗೆಮನೆ: ತಿಂಗಳ ಮೊದಲೇ 'ಮಂಗಳವಾರ ಹುರುಳಿಕಾಯಿ' ಎಂದು ಅಚ್ಚಾಗಿರುತ್ತದೆ, ಆ ವಾರ ಹೊಲದಲ್ಲಿ ಇರುವುದು ಕುಂಬಳ. ಪಟ್ಟಿಯಲ್ಲಿ 'ಹಂಗಾಮಿನ ಕಾಯಿಪಲ್ಲೆ, 100 ಗ್ರಾಂ' ಎಂದು ಬರೆದು, ಯಾವುದಕ್ಕೆ ಯಾವುದು ಬದಲಿ ಎಂಬ ಕೋಷ್ಟಕ ಒಂದು ಕೊಟ್ಟರೆ ಅಡುಗೆಯವರಿಗೂ ಸುಲಭ. ಅಡುಗೆಯವರ ಸಮಯವನ್ನೂ ಎಣಿಸಬೇಕು. 50 ಕಿಲೊ ತರಕಾರಿ ಸೋಸಿ ಹೆಚ್ಚುವುದಕ್ಕೆ ಕೈ ಬೇಕು, ಅದು ಮರೆತರೆ ಮರುವಾರದಿಂದ ಆಲೂಗಡ್ಡೆ ಒಂದೇ ಬೇಯುತ್ತದೆ. ಇನ್ನು, 100 ಮನೆಯ 500 ಕಿಲೊ ಕ್ರೇಟಿಗೆಂದು ಹೆಚ್ಚುವರಿ ಬಿತ್ತಿದ ಕಾಲು ಭಾಗ ಒಳ್ಳೆಯ ವಾರ 125 ಕಿಲೊ ಮಿಗುತ್ತದೆ. ಅದನ್ನು ಶಾಲೆಗೆ ತಳ್ಳಿದರಾಯಿತು ಎಂದು ಕೆಲವು ಗುಂಪು ಯೋಚಿಸುತ್ತವೆ. ಬೇಡ. ಕೆಟ್ಟ ವಾರ ಮಕ್ಕಳ ತಟ್ಟೆ ಖಾಲಿಯಾಗುತ್ತದೆ. ಶಾಲೆಗೆ ಬೇರೆಯೇ ಬಿತ್ತಬೇಕು. ಮಿಕ್ಕಿದ್ದು ಅದಕ್ಕೆ ಆಸರೆ ಮಾತ್ರ.

ನಗರಾಡಳಿತ ಕೊಡಬಹುದಾದ ಇನ್ನೊಂದು ಸಹಾಯ ಜಾಗ. ಬ್ರೆಜಿಲ್‌ನ ಬೆಲೊ ಒರಿಜೊಂಟಿ ನಗರ 1993ರಲ್ಲಿ ಆಹಾರ ಪೂರೈಕೆಗೇ ಒಂದು ಪ್ರತ್ಯೇಕ ಇಲಾಖೆ ತೆರೆಯಿತು. ವ್ಯಾಪಾರಿಗಳಿಗೆ ಒಳ್ಳೆಯ ಜಾಗದಲ್ಲಿ ಮಳಿಗೆ, ಬದಲಿಗೆ ಕೆಲವು ಪದಾರ್ಥಗಳನ್ನು ನಗರ ಗೊತ್ತು ಮಾಡಿದ ಬೆಲೆಗೆ ಮಾರಬೇಕು ಎಂಬ ಅದರ ಏರ್ಪಾಡು ದುಡ್ಡಿಗಿಂತ ಜಾಗವನ್ನೇ ಬಂಡವಾಳ ಮಾಡಿಕೊಂಡ ನೀತಿ. ಊರಿನ ಆಹಾರದ ವಿಷಯದಲ್ಲಿ ಆಡಳಿತಕ್ಕೆ ಸಲಹೆ ಕೊಡುವ ಆಹಾರ ನೀತಿ ಮಂಡಳಿಗಳ ಮಾತೂ ಈಗ ಎಲ್ಲ ಕಡೆ ಕೇಳುತ್ತದೆ. ಅಮೆರಿಕದ ನಾಕ್ಸ್‌ವಿಲ್‌ನಲ್ಲಿ 1982ರಲ್ಲಿ, ಕೆನಡಾದ ಟೊರಾಂಟೊದಲ್ಲಿ 1991ರಲ್ಲಿ ಅವು ಶುರುವಾದವು, 2015ರಲ್ಲಿ ನೂರಕ್ಕೂ ಹೆಚ್ಚು ನಗರಗಳು ನಗರಗಳ ಆಹಾರ ನೀತಿಯ ಕುರಿತ ಮಿಲಾನ್ ಒಪ್ಪಂದಕ್ಕೆ ಸಹಿ ಹಾಕಿದವು. ಮಂಡಳಿ ಕೆಲಸದ್ದೋ ತೋರಿಕೆಯದೋ ಎಂದು ತಿಳಿಯಲು ಮೂರು ವಿಷಯ ಸಾಕು: ಸಂಬಳದ ಸಿಬ್ಬಂದಿ ಇದ್ದಾರೆಯೇ, ಖರೀದಿ ಅಧಿಕಾರಿ ಸಭೆಗೆ ಬರುತ್ತಾರೆಯೇ, ಸಭೆ ಇಡುವ ಹೊತ್ತಿಗೆ ರೈತರು ಬರಲು ಸಾಧ್ಯವೇ. ಬೆಳಿಗ್ಗೆ ಹತ್ತು ಗಂಟೆಯ ಸಭೆಗೆ ಕೊಯ್ಲಿನ ಹಂಗಾಮಿನಲ್ಲಿ ಯಾರು ಬರುತ್ತಾರೆ?

ಯಾರಿಗೆ ಒಗ್ಗುತ್ತದೆ

ವಾರಕ್ಕೆ ನಾಲ್ಕು ದಿನವಾದರೂ ಮನೆಯಲ್ಲಿ ಒಲೆ ಉರಿಯುವವರಿಗೆ, ಬಂದದ್ದನ್ನು ನೋಡಿ ಅಡುಗೆ ಯೋಚಿಸುವವರಿಗೆ ಜಂಟಿ ಪಾಲು ಒಳ್ಳೆಯ ಆಯ್ಕೆ. ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಒಂದೇ ತೋಟದ ಪಾಲು ಬಾಂಧವ್ಯದ ದೃಷ್ಟಿಯಿಂದ ಇನ್ನೂ ಚೆಂದ, ಏರಿಳಿತ ಹೆಚ್ಚು, ಮೂರೂವರೆ. ಸಂತೆಯಲ್ಲಿ ಖಾತೆಯಿಂದ ಕಳೆಯುವ ಪದ್ಧತಿಗೂ ಮೂರೂವರೆ. ರೈತರಿಗೆ ಮುಂಗಡ ಸಿಗುತ್ತದೆ, ನಿಮಗೆ ಆಯ್ಕೆ ಸಿಗುತ್ತದೆ, ಆದರೆ ಬೆಳೆ ಹೋದರೆ ಖಾತೆಯ ಹಣ ಹಾಗೇ ಉಳಿದು ಅವರ ಮೇಲಿನ ಸಾಲವಾಗುತ್ತದೆ. ಪಟ್ಟಿ ಬರೆದುಕೊಂಡು ಅದೇ ನಾಲ್ಕು ತರಕಾರಿ ಕೊಳ್ಳುವವರು, ಪದೇ ಪದೇ ಊರು ಬಿಡುವವರು ಈ ನಾಲ್ಕನೆಯ ಬಗೆಯ ಚಂದಾ ಬುಟ್ಟಿಯನ್ನೇ ಹಿಡಿಯಲಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಸೇರುವ ಮೊದಲು ಕಳೆದ ಹಂಗಾಮಿನ ತೂಕದ ಪುಸ್ತಕ ಕೇಳಿ: ಯಾವ ವಾರ ಯಾವ ತರಕಾರಿ ಎಷ್ಟು ಕಿಲೊ ಹೋಯಿತು ಎಂಬ ದಾಖಲೆ. ಅದರಲ್ಲಿ ಕಡಿಮೆ ಬಂದ ವಾರಗಳನ್ನು ಹುಡುಕಿ, ಪಕ್ಕದಲ್ಲಿ ಕಾರಣ ಬರೆದಿದೆಯೇ ನೋಡಿ. ಬರೆದಿದ್ದರೆ ಮೊದಲ ಹಂಗಾಮಿಗೆ ಅರ್ಧ ಪಾಲು ತೆಗೆದುಕೊಳ್ಳಿ. ಎಲ್ಲ ವಾರವೂ 5 ಕಿಲೊ ತಪ್ಪದೆ ತುಂಬಿದೆ ಎಂದಿದ್ದರೆ, ಹೊರಗಿನಿಂದ ಕೊಂಡದ್ದರ ಬಿಲ್ಲನ್ನೂ ತೋರಿಸಿ ಎಂದು ಕೇಳಿ.